ಸಿಪ್ಪೆ ಸಮೇತ

ಶಹಾಬಾದ

ತಮ್ಮ ಕಪಿಲನಿಗೆ,

ಅಕ್ಕ ಪೂನಮ್ ಮಾಡುವ ಜೈಭೀಮ್. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ರೂಢಿ ಇದೆ, ನಾನು ಬರೆಯುವುದಿಲ್ಲ. ಯಾರೂ ಕ್ಷೇಮವಾಗಿಲ್ಲ. ನೀನು ಎಲ್ಲಿದ್ದೀ ಎಂಬುದೇ ಗೊತ್ತಿಲ್ಲ, ಇನ್ನು ವಿಳಾಸ ಎಲ್ಲಿಂದ ತರಲಿ? ಅದಕ್ಕೆ ಈ ಕಾಗದವನ್ನು ವಾಡಿ ಸ್ಟೇಷನ್ನಿನ ಹೊರಗೆ ಬಾಳೆಹಣ್ಣಿನ ಬಂಡಿ ಇಟ್ಟುಕೊಂಡಿರುವ ಶೌಕತ ಅಲಿ ಚಾಚಾರ ಕೈಗೆ ಕೊಡುತ್ತೇನೆ. ನಿನ್ನನ್ನು ಕೊನೆಗೆ ನೋಡಿದವರು ಅವರೇ. "ಹಣ್ಣು ತಗೊಂಡ, ತಾನೇ ಸುಲಕೊಂಡು ತಿಂದ, ಸೊಲ್ಲಾಪುರ ಗಾಡಿ ಹತ್ತಿದ ನೋಡವ್ವಾ" ಎಂದರು. ಬೇರೆಯವರ ಕೈಯಿಂದ ಏನನ್ನೂ ತಿನ್ನದ ನೀನು ಈ ಕಡೆ ಬಂದರೆ ಆ ಬಂಡಿಗೇ ಬರುತ್ತೀ.

ಮೊದಲು ಹುಚ್ಚು ಹಿಡಿದದ್ದು ನನಗೆ. ಮನೆಯಲ್ಲಿ ಈ ಮಾತನ್ನು ಪಿಸುಗುಟ್ಟುತ್ತಾರೆ, ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಕಲ್ಲುಗಣಿಯಲ್ಲಿ ದುಡಿಯುವ ಅಪ್ಪನಿಗೆ ಬುತ್ತಿ ಒಯ್ದಾಗ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಯಂತ್ರ ನನ್ನ ಹೆಸರು ಹಿಡಿದು ಬೈಯುತ್ತಿತ್ತು. ಕಲಬುರಗಿಯ ಡಾಕ್ಟರ್ ವೃಂದಾ ಕೊಟ್ಟ ಬಿಳಿ ಗುಳಿಗೆ ಎರಡು ತಿಂಗಳಲ್ಲಿ ಅದರ ಬಾಯಿ ಮುಚ್ಚಿಸಿತು. ಇವತ್ತು ನಾನು ಚಿತ್ತಾಪುರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಆಮೇಲೆ ನಿನಗೆ ಬಂತು. ಅದೇ ಡಾಕ್ಟರು, ಅದೇ ಗುಳಿಗೆ. ನಿನ್ನ ಕೈ ನಡುಗಿತು, ಜೊಲ್ಲು ಸುರಿಯಿತು, ಹೊಟ್ಟೆ ಬಂತು. ನಿನ್ನ ಕಿವಿಯೊಳಗಿನ ದನಿಗಳು ಮಾತ್ರ ಕದಲಲಿಲ್ಲ. ಗುಳಿಗೆ ಬದಲಿಸಿದರು, ಅದರಿಂದಲೂ ಏನೂ ಆಗಲಿಲ್ಲ.

ಆಗ ನನ್ನನ್ನು ನಿನ್ನ ಎದುರು ಸಾಕ್ಷಿಯಾಗಿ ನಿಲ್ಲಿಸಿದರು. "ಅಕ್ಕ ಇದೇ ಡಾಕ್ಟರ ಗುಳಿಗಿ ತಿಂದು ಚಲೋ ಆಗ್ಯಾಳ, ನಿನಗ್ಯಾಕ ಹತ್ತವಲ್ದು? ಉಗುಳಾಕತ್ತೀದಿ ನೀ!" ಎಂದು ಅಪ್ಪ ಬ್ಯಾಟರಿ ಹಿಡಿದು ಬರುತ್ತಿದ್ದ. "ತೆಗಿ ಬಾಯಿ. ನಾಲಿಗಿ ಎತ್ತು." ಮೀಸೆ ಬಂದ ಹುಡುಗ ನೀನು, ಸಂತೆಗೆ ಹೊಡೆದುಕೊಂಡು ಬಂದ ಎತ್ತಿನ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದೆ. "ಖರೇನ ನುಂಗೀನಪ್ಪಾ" ಎಂದು ನೀನು ಅಂದದ್ದನ್ನು ಅಪ್ಪ ಒಂದು ದಿನವೂ ನಂಬಲಿಲ್ಲ. ನಾನು ಗುಣವಾದದ್ದೇ ನಿನ್ನ ತಪ್ಪಾಯಿತಲ್ಲ ಎಂದು ನನಗೆ ನನ್ನ ಆರೋಗ್ಯದ ಮೇಲೇ ಸಿಟ್ಟು ಬರುತ್ತಿತ್ತು.

ಇದನ್ನು ಕೇಳಿದ ಡಾಕ್ಟರು ನಿನ್ನ ರಕ್ತ ತೆಗೆಸಿದರು. ಔಷಧ ರಕ್ತಕ್ಕೆ ಸೇರುತ್ತಿದೆಯೋ ಇಲ್ಲವೋ ಅದರಲ್ಲಿ ತಿಳಿಯುತ್ತದಂತೆ. ಸ್ಯಾಂಪಲ್ ಹೈದರಾಬಾದಿಗೆ ಹೋಯಿತು. ಉತ್ತರ ಬರುವಷ್ಟು ತಾಳ್ಮೆ ನಮ್ಮ ಮನೆಗೆ ಇರಲಿಲ್ಲ.

ಆ ಭಾನುವಾರ ನಾನು ಊರಿಗೆ ಬಂದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಾನೂ ನೀನೂ ಒಟ್ಟಿಗೇ ನಿಂತೆವು. ಒಳಗೆ ಅವ್ವ ಕಲಬತ್ತದಲ್ಲಿ ಗುಳಿಗೆ ಕುಟ್ಟಿ, ಆ ಪುಡಿಯನ್ನು ನಿನ್ನ ತಾಟಿನ ಪುಂಡಿಪಲ್ಯಕ್ಕೆ ಕಲಸುತ್ತಿದ್ದಳು. ನಮ್ಮನ್ನು ನೋಡಿ, "ಹ್ಯಾಂಗರ ಮಾಡಿ ಹೊಟ್ಟ್ಯಾಗ ಹೋಗ್ಲಿ ಅಂತ" ಎಂದು ಅತ್ತಳು. ಊಟದಲ್ಲಿ ಏನೋ ಹಾಕುತ್ತಾರೆ ಎಂದು ನೀನು ವರ್ಷದಿಂದ ಹೇಳುತ್ತಿದ್ದೆ. ಅದು ಕಾಯಿಲೆ ಆಡಿಸುವ ಮಾತು ಎಂದು ನಾವು ಸಮಾಧಾನ ಹೇಳುತ್ತಿದ್ದೆವು. "ನೋಡಕ್ಕಾ, ನಾ ಹೇಳಿದ್ದಿಲ್ಲೇನು?" ಎಂದೆ ನೀನು. ಎಷ್ಟೋ ದಿನಗಳ ಮೇಲೆ ನಿನ್ನ ಮುಖ ಅರಳಿತ್ತು. ಕಪಿಲಾ, ಆ ಮುಖವನ್ನು ನನ್ನಿಂದ ಮರೆಯಲು ಆಗುತ್ತಿಲ್ಲ. ನಿನ್ನ ಕಾಯಿಲೆ ಹೇಳಿದ ಸುಳ್ಳನ್ನು ನಮ್ಮ ಅವ್ವನೇ ನಿಜ ಮಾಡಿಬಿಟ್ಟಿದ್ದಳು. ಅಂದಿನಿಂದ ನೀನು ಸಿಪ್ಪೆ ಇರುವುದನ್ನಷ್ಟೇ ತಿಂದೆ: ತತ್ತಿ, ಶೇಂಗಾ, ಬಾಳೆಹಣ್ಣು. ಕೆಲವೇ ದಿನಗಳಲ್ಲಿ ಮನೆಯನ್ನೂ ಬಿಟ್ಟೆ.

ನೀನು ಹೋದ ಮೇಲೆ ಉತ್ತರ ಬಂತು. "ಅವನ ರಕ್ತದಾಗ ಔಷಧ ಎಷ್ಟಿರಬೇಕೋ ಅಷ್ಟೂ ಅದರಿ. ಅವ ಬರೋಬ್ಬರಿ ನುಂಗ್ಯಾನ" ಎಂದರು ಡಾಕ್ಟರು. ಅವ್ವ ಬೆರೆಸುವುದಕ್ಕೆ ಮೊದಲೇ ತೆಗೆದ ರಕ್ತ ಅದು. ನನ್ನಂಥವರ ಮಿದುಳಿನಲ್ಲಿ ಡೋಪಮಿನ್ ಎಂಬ ರಸಾಯನ ಅತಿಯಾಗಿರುತ್ತದಂತೆ, ಬಿಳಿ ಗುಳಿಗೆ ಅದನ್ನು ತಡೆಯುತ್ತದಂತೆ. ಕೆಲವರಲ್ಲಿ ಅದು ಅತಿಯಾಗಿರುವುದೇ ಇಲ್ಲ, ಗದ್ದಲ ಇನ್ನೊಂದು ಕಡೆಯಿಂದ ಏಳುತ್ತದೆ. ಅಂಥವರು ಗುಳಿಗೆ ನುಂಗಿದರೂ ಅದು ಕಾಯುವ ಬಾಗಿಲೇ ಬೇರೆ, ಗದ್ದಲ ಬರುವ ಬಾಗಿಲೇ ಬೇರೆ. ನಿನ್ನದು ಹಾಗಿರಬಹುದು ಎಂದರು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ಮಿದುಳು ಒಂದೇ ಆಗಬೇಕಿಲ್ಲ. ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ, ಕೊಟ್ಟು ನೋಡಿಯೇ ತಿಳಿಯಬೇಕು.

ಅಪ್ಪ ಎಲ್ಲ ಕೇಳಿಸಿಕೊಂಡ. ಗಣಿಯಲ್ಲಿ ಅವನು ನೋಡಿಲ್ಲವೇ? ಅಕ್ಕಪಕ್ಕದ ಎರಡು ಕಲ್ಲು, ಒಂದಕ್ಕೆ ಉಳಿ ಇಟ್ಟರೆ ಹಾಳೆಯ ಹಾಗೆ ಬಿಡುತ್ತದೆ, ಇನ್ನೊಂದು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಯಾವ ಕಲ್ಲಿಗೂ ಅವನು ಸುಳ್ಳ ಎಂದು ಬೈದಿಲ್ಲ. ಸಂಜೆ ಬ್ಯಾಟರಿಯನ್ನು ಅಟ್ಟಕ್ಕೆ ಎಸೆದ. ಈಗ ಕರೆಂಟು ಹೋದರೆ ಕತ್ತಲಲ್ಲೇ ಕೂರುತ್ತಾನೆ.

ಮತ್ತೊಂದು ಔಷಧ ಇದೆಯಂತೆ. ಎರಡು ಬಗೆಯ ಗುಳಿಗೆಯಿಂದಲೂ ಗುಣ ಕಾಣದವರಿಗೆ ಕೊಡುವಂಥದ್ದು. ವಾರವಾರ ರಕ್ತ ಪರೀಕ್ಷೆ ಮಾಡಿಸಬೇಕು. ಅದಕ್ಕೂ ಬಗ್ಗದವರು ಇದ್ದಾರೆ ಎಂಬುದನ್ನು ಡಾಕ್ಟರು ಮುಚ್ಚಿಡಲಿಲ್ಲ, ನಾನೂ ನಿನ್ನಿಂದ ಮುಚ್ಚಿಡುವುದಿಲ್ಲ. ಈ ಮನೆಯಲ್ಲಿ ನಿನ್ನಿಂದ ಮುಚ್ಚಿಟ್ಟದ್ದು ಸಾಕು. ಗುಣವಾಗದಿದ್ದರೂ ಬಾ. ದನಿಗಳನ್ನು ಕರೆದುಕೊಂಡೇ ಬಾ. ನನಗೆ ಅವುಗಳ ಪರಿಚಯ ಇದೆ.

ಅವ್ವ ದಿನಾಲು ತತ್ತಿ ಕುದಿಸಿ, ಸಿಪ್ಪೆ ಸಮೇತ ನಿನ್ನ ತಾಟಿನಲ್ಲಿಟ್ಟು ಕಾಯುತ್ತಾಳೆ. ಮರುದಿನ ಅವನ್ನು ಪಕ್ಕದ ಮನೆಯ ಬಿಬಿಜಾನ್ ಒಯ್ಯುತ್ತಾಳೆ. ಸಣ್ಣವರಿದ್ದಾಗ ಸನ್ನತಿಯಲ್ಲಿ ಹಳೆಯ ಕೆತ್ತನೆ ಕಲ್ಲುಗಳ ಹತ್ತಿರ ಬುತ್ತಿ ಬಿಚ್ಚಿದ್ದು ನೆನಪಿದೆಯೇ? ನೀನು ಬಿಳಿ ಎಲ್ಲೂ ಹರಿಯದ ಹಾಗೆ ತತ್ತಿ ಸುಲಿದು, ಒಳಗಿನದನ್ನು ನನ್ನ ಕೈಗಿಟ್ಟಿದ್ದೆ. ನಮ್ಮ ಕೈಯಿಂದ ನೀನು ತಿನ್ನುವುದು ಬೇಡ. ಬಂದು ಮತ್ತೊಮ್ಮೆ ಸುಲಿದು ಕೊಡು. ನಿನ್ನ ಕೈಯಿಂದ ನಾನು ತಿನ್ನುತ್ತೇನೆ.

ಎಲ್ಲಿದ್ದರೂ ಬುದ್ಧನ ಕರುಣೆ ನಿನ್ನ ಮೇಲಿರಲಿ, ಯಾರೂ ನಿನಗೆ ಬಾಯಿ ತೆರೆ ಎನ್ನದಿರಲಿ.

ನೀನು ನುಂಗಿದ್ದೆ ಎಂದು ಬಲ್ಲ,
ನಿನ್ನ ಅಕ್ಕ
ಪೂನಮ್