ದನಿ ಬದಲಿಸಿದ ಸಾಕ್ಷಿ

ಪಾರ್ವತಿನಗರ, ಬಳ್ಳಾರಿ
18 ಜುಲೈ 2025

ಪ್ರೀತಿಯ ಅರುಣಾ,

ನೀನು, ನಿಮ್ಮ ಮನೆಯವರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀವು ದೇಶನೂರು ಬಿಟ್ಟು ಕುರುಗೋಡಿಗೆ ಹೋದ ಮೇಲೆ ಒಮ್ಮೆಯೂ ಬಂದು ಮನೆ ನೋಡಲಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ. ನನ್ನ ಫೋನು ನೀನು ಎತ್ತುತ್ತಿಲ್ಲ, ಮೆಸೇಜು ನೋಡಿದ ಗುರುತೂ ಇಲ್ಲ. ಅದಕ್ಕೇ ಈ ಕಾಗದ. ಇದನ್ನಾದರೂ ಪೂರ್ತಿ ಓದು.

ಇಲ್ಲಿ ಜೀನ್ಸ್ ಹೊಲಿಗೆ ನಡೆದಿದೆ. ಮುಂದಿನ ಕೋಣೆಯಲ್ಲಿ ಮಷೀನು ಹಾಕಿಸಿದ್ದೇನೆ, ಓಣಿಯ ಹೆಣ್ಣುಮಕ್ಕಳು ಬಂದು ಹೊಲಿಯುತ್ತಾರೆ. ಕೆಲಸ ಮಾಡುತ್ತ ಮೊಬೈಲನ್ನು ಕಿಟಕಿಯಲ್ಲಿಟ್ಟು ಕೊಲೆ ಕೇಸುಗಳ ವಿಡಿಯೋ ಹಾಕಿಕೊಳ್ಳುವುದು ಅವರ ರೂಢಿ. ಮೊದಲು ನನಗೂ ಅದೇ ಹುಚ್ಚಿತ್ತು. ನಮ್ಮ ಶಿವಿಗಂತೂ ನನಗಿಂತ ಹೆಚ್ಚು. ನನ್ನ ತಂಗಿ ಅಂತ ಹೇಳುವುದಲ್ಲ, ಕೊಂದವರು ಯಾರೆಂದು ಕಾರ್ಯಕ್ರಮ ಅರ್ಧವಾಗುವ ಮೊದಲೇ ಹೇಳಿಬಿಡುತ್ತಿದ್ದಳು. ಅವಳ ಹೆಣ ದೇಶನೂರಿನ ಕಾಲುವೆಯಲ್ಲಿ ಸಿಕ್ಕ ಮೇಲೆ, ಆ ವಿಡಿಯೋಗಳ ಸಂಗೀತ ಕಿವಿಗೆ ಬಿದ್ದರೆ ಸಾಕು, ನಾನು ಹಿತ್ತಲಿಗೆ ಹೋಗಿಬಿಡುತ್ತೇನೆ.

ಹೊಲಿಯುವವರಲ್ಲಿ ದೊಡ್ಡಬಸಮ್ಮ ಅಂತ ಒಬ್ಬಳಿದ್ದಾಳೆ. ಇಂಥವನ್ನು ಯಾಕೆ ನೋಡುತ್ತೀಯ ಎಂದು ಒಮ್ಮೆ ಅವಳನ್ನು ಕೇಳಿದೆ.

"ನಮ್ಮನಿಯಾಗ ಅಷ್ಟರ ಮಟ್ಟಿಗೆ ಆಗಿಲ್ಲಲ್ಲ ಅಂತ ಸಮಾಧಾನ ಆಗತೈತ್ರಿ ಅಕ್ಕಾ. ಮತ್ತ, ಇಂಥದು ಹೆಂಗ ಶುರುವಾಗತೈತಿ ಅಂತ ತಿಳಕೊಂಡಿದ್ರ, ಮೊದಲ ಎದ್ದು ಹೋಗಬೌದಲ್ರಿ" ಎಂದಳು. ಅವಳ ಗಂಡ ಕುಡಿದು ಬಂದು ಕೈ ಎತ್ತುವವನು. ಆಮೇಲೆ ನಾನು ನೋಡಬೇಡಿರೆಂದು ಯಾರಿಗೂ ಹೇಳಲಿಲ್ಲ.

ಹೋದ ವಾರ ಕಿಟಕಿಯ ಮೊಬೈಲಿನಿಂದ ದೇಶನೂರಿನ ಹೆಸರು ಕೇಳಿಸಿತು. ಚಾನೆಲ್ ನಡೆಸುವವನ ಹೆಸರು ಸಮ್ರಾಟ್ ಅಂತೆ. "ಸಿರುಗುಪ್ಪದ ಸುಂದರಿ ಕಾಲುವೆಗೆ ಬಿದ್ದಳೋ, ತಳ್ಳಿದರೋ" ಎಂದು ರಾಗವಾಗಿ ಹೇಳುತ್ತಿದ್ದ. ನಾನು ಎದ್ದು ಹೋಗಿ ಮೊಬೈಲು ಕೈಗೆತ್ತಿಕೊಳ್ಳುವಷ್ಟರಲ್ಲಿ ಶಿವಿಯ ಮದುವೆಯ ಫೋಟೊ ಬಂತು. ದೊಡ್ಡಬಸಮ್ಮ ಅದನ್ನೂ ನನ್ನ ಮುಖವನ್ನೂ ನೋಡಿದಳು. ಮಷೀನುಗಳೆಲ್ಲ ನಿಂತುಹೋದವು. "ಬ್ಯಾಡ್ರಿ ಅಕ್ಕಾ, ಕೊಡ್ರಿ ಇಲ್ಲಿ" ಎಂದು ಅವಳು ಮೊಬೈಲು ಕಸಿದುಕೊಳ್ಳಲು ಬಂದಳು. ನಾನು ಕೊಡಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ನೀನು ಬಂದಿದ್ದೆ.

ನಿನ್ನ ಮುಖವನ್ನು ಮಬ್ಬು ಮಾಡಿದ್ದರು, ದನಿಯನ್ನು ಗಂಡಸಿನಂತೆ ದಪ್ಪ ಮಾಡಿದ್ದರು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುವ ಆ ಕೈ ನನಗೆ ಗೊತ್ತಿಲ್ಲವೇ? ಸಿರುಗುಪ್ಪದ ಶಾಲೆಯಲ್ಲಿ ಹತ್ತು ವರ್ಷ ನಿನ್ನ ಪಕ್ಕದಲ್ಲೇ ಕೂತವಳು ನಾನು.

"ಗ್ವಾಡಿ ಆಚಿ ನಿಂತಿದ್ದೆ ರೀ. ನನ್ನ ಬಿಡ್ರಿ, ಮಗಳು ನೋಡಾಕತ್ತಾಳ ಅಂತ ಆಕಿ ಒದರಿದ್ದು ಕಿವಿಯಾರೆ ಕೇಳೀನಿ. ಆಮ್ಯಾಲೆ ದನಿ ನಿಂತಿತು. ಆತ ಕಾರು ತಂದು ಹಿತ್ತಲ ಬಾಗ್ಲಿಗಿ ಹಚ್ಚಿದ."

ಪೊಲೀಸರು ಕೇಳಿದಾಗ ನೀನು ಆ ಸಂಜೆ ಮನೆಯಲ್ಲೇ ಇರಲಿಲ್ಲ ಎಂದಿದ್ದೆ. ನಾನು ನಂಬಿದ್ದೆ. ಶಿವಿಯದೂ ನಿಮ್ಮದೂ ಗೋಡೆಗೆ ಗೋಡೆ ಹತ್ತಿದ ಮನೆ, ಅರುಣಾ ಇದ್ದಿದ್ದರೆ ಓಡಿ ಬರುತ್ತಿದ್ದಳು ಎಂದು ಊರಿಗೆಲ್ಲ ಹೇಳಿದ್ದೆ.

ವಿಡಿಯೋ ನೋಡಿದ ದಿನ ನಿನ್ನ ಮೇಲೆ ಎಂಥ ಸಿಟ್ಟು ಬಂತೆಂದು ಬರೆಯುವುದಿಲ್ಲ. ನಿನ್ನ ಭಯ ನನಗೆ ಅರ್ಥವಾಗದ್ದಲ್ಲ. ಶಿವಿಯ ಗಂಡ ಸಿದ್ದಲಿಂಗೇಶನ ಗದ್ದೆ ದಾಟಿಯೇ ನಿಮ್ಮ ಗದ್ದೆಗೆ ನೀರು ಬರಬೇಕು. ನಿನ್ನ ಮೈದುನ ಇನ್ನೂ ಅಲ್ಲೇ ಇದ್ದಾನೆ. ಆ ಕ್ಯಾಮೆರಾದ ಮುಂದೆ ಮುಖ ಇಲ್ಲ, ಹೆಸರಿಲ್ಲ. ಎದೆಯ ಭಾರ ಇಳಿದಂತಾಗಿರಬೇಕು ನಿನಗೆ. ಆದರೆ ಅಲ್ಲಿ ಇಳಿಸಿದ್ದು ಯಾರ ಕೈಗೆ ಸೇರಿತು ನೋಡು. ವಿಡಿಯೋದ ಕೆಳಗೆ ಸಾವಿರಾರು ಜನ ಬರೆದಿದ್ದಾರೆ. ಅವಳದೇ ಏನೋ ತಪ್ಪಿರಬೇಕು ಎಂದು ಕೆಲವರು. ಮುಂದಿನ ಭಾಗ ಯಾವಾಗ ಎಂದು ಉಳಿದವರು.

ನಮ್ಮ ಮನೆಯವರು ಸರ್ಕಾರಿ ವಕೀಲರನ್ನು ಕಂಡು ಬಂದರು. ಮುಖವಿಲ್ಲದ ವಿಡಿಯೋದಿಂದ ಏನೂ ಆಗುವುದಿಲ್ಲವಂತೆ. "ಆಕಿ ಖುದ್ದು ಬರಲಿ. ಸಾಕ್ಷಿಗೆ ಸೇರಸ್ರಿ ಅಂತ ನಾನು ಅರ್ಜಿ ಹಾಕ್ತೀನಿ. ಸಣ್ಣ ಹುಡುಗಿ ಮಾತು ಒಂದನ್ನ ಹಿಡಕೊಂಡು ಎಷ್ಟು ದೂರ ಹೋಗಾಕ ಬರತೈತಿ?" ಎಂದರಂತೆ. ಮುಂದಿನ ತಿಂಗಳ ಮೊದಲ ವಾರ ವಿಚಾರಣೆ ಇದೆ. ಜಾಮೀನಿನ ಮೇಲೆ ಹೊರಗಿರುವ ಸಿದ್ದಲಿಂಗೇಶ, ಕೇಸು ಮುಗಿದ ಮರುದಿನವೇ ಮಗಳು ಸಿಂಧುವನ್ನು ಕರೆದೊಯ್ಯುತ್ತೇನೆ ಎಂದು ಹೇಳಿ ಕಳಿಸಿದ್ದಾನೆ. ಶಿವಿ ಹೋದಂದಿನಿಂದ ಸಿಂಧು ನನ್ನ ಹತ್ತಿರವೇ ಇದ್ದಾಳೆ. ಒಂಬತ್ತು ವರ್ಷದ ಮಗುವನ್ನು ನಾನು ಆ ಮನೆಗೆ ಹೇಗೆ ಕಳಿಸಲಿ, ಹೇಳು.

ನೀನು ಬಾ, ಅರುಣಾ. ಬಸ್ಸಿಗೆ ಬರಬೇಡ, ನಮ್ಮವರು ಕಾರು ತರುತ್ತಾರೆ. ನಿಮ್ಮ ಮನೆಯವರ ಹತ್ತಿರ ನಾನೇ ಮಾತಾಡುತ್ತೇನೆ, ಬೇಕಾದರೆ ಅವರ ಕಾಲು ಹಿಡಿಯುತ್ತೇನೆ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಕುರುಗೋಡಿನ ದೊಡ್ಡಬಸವೇಶ್ವರ ನಿನ್ನನ್ನೂ ನಿನ್ನ ಮಕ್ಕಳನ್ನೂ ತಣ್ಣಗಿಟ್ಟಿರಲಿ. ನಿನ್ನ ಹೆಣ್ಣುಮಕ್ಕಳು ಹೋದ ಮನೆಯಲ್ಲಿ ನಗುತ್ತಾ ಬಾಳಲಿ.

ನಿನ್ನ,
ಶೈಲಜಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಆಗಲಿಲ್ಲ. ಸಿಂಧು ಕೋರ್ಟಿನಲ್ಲಿ ತಾನು ಕಂಡದ್ದನ್ನೆಲ್ಲ ಹೇಳಿದ್ದಳು. ಸಿದ್ದಲಿಂಗೇಶನ ವಕೀಲ ನಯವಾಗಿ, "ನಿಮ್ಮವ್ವನ ಜೊತಿ ಟೀವಿಯಾಗ ಕೊಲಿ ಕಾರ್ಯಕ್ರಮ ನೋಡ್ತಿದ್ದಿ ಅಲ್ಲೇನವ್ವ?" ಎಂದು ಕೇಳಿದ. "ಹೂಂ ರೀ" ಎಂದಳು. "ಅದರಾಗೂ ಹೆಂಗಸರು ಬಿಡ್ರಿ, ಬಿಡ್ರಿ ಅಂತ ಒದರತಿದ್ರಲ್ಲ?" ಮಗು ಅದಕ್ಕೂ ಹೂಂ ಅಂತು. ಅಷ್ಟೇ ಸಾಕೆಂದು ಅವನು ಕೂತುಬಿಟ್ಟ. ಅಂದಿನಿಂದ ಅವಳ ಮಾತು ಕಡಿಮೆಯಾಗಿದೆ. ನಿನ್ನೆ ತಲೆ ಬಾಚುತ್ತಿದ್ದಾಗ ನನ್ನ ಕಡೆ ತಿರುಗದೆ ಕೇಳಿದಳು: "ದೊಡ್ಡವ್ವ, ನಾ ಅದನ್ನ ಟೀವಿಯಾಗ ನೋಡಿದ್ನೇನು? ನಮ್ಮಪ್ಪ ಏನೂ ಮಾಡಿಲ್ಲೇನು?" ನೀನು ಕಂಡದ್ದು ನಿಜ ಎನ್ನಲು ನಾನು ಆ ಮನೆಯಲ್ಲಿರಲಿಲ್ಲ. ಆ ವಿಡಿಯೋ ತೋರಿಸಿದರೆ ಅದೂ ಅವಳಿಗೆ ಇನ್ನೊಂದು ಕಾರ್ಯಕ್ರಮವೇ. ಕೋರ್ಟಿಗೆ ಬರಲು ಆಗದಿದ್ದರೆ ಬಿಡು, ನನ್ನ ಮನೆಗಾದರೂ ಒಮ್ಮೆ ಬಾ. ಅವಳ ಎದುರಿಗೆ ಕೂತು, ಹೌದವ್ವ, ಅದು ಖರೇನ, ನಾನೂ ಕೇಳೀನಿ, ಎಂದು ಹೇಳಿ ಹೋಗು.