ನೀನು ಹಾಸಿದ ಕಲ್ಲು ಮಾಳಿಗೆ

ರೋಣ, ಆನಂದ ಸಂವತ್ಸರ, ಮಾಘ

ಈಶಪ್ಪಾ,

ನೀನು ಸತ್ತು ಮೂರು ವರ್ಷವಾದರೂ ಈ ಸುದ್ದಿಯನ್ನು ನಿನಗೇ ಹೇಳಬೇಕು. ನಿನ್ನೆ ಬೆಳಿಗ್ಗೆ ಭೂಮಿ ನಡುಗಿತು. ಗುರುಸಂಗಪ್ಪ ಸಾವಕಾರರಿಗೆ ನೀನು ಕಟ್ಟಿಕೊಟ್ಟ ಎರಡಂತಸ್ತಿನ ಮನೆ ಬಿತ್ತು. ನಾನು ಮಾಡಿದ ಕಟ್ಟಿಗೆಯ ಮಾಳಿಗೆ ಒಂದೂ ಬೀಳಲಿಲ್ಲ.

ನೆನಪಿದೆಯೇ? ಆ ಮನೆ ಕಟ್ಟುವ ಮೊದಲು ನಾನು, ಗೋಡೆಗೆ ಒತ್ತಿ ಕಂಬ ನಿಲ್ಲಿಸೋಣ, ತೊಲೆಗಳ ಭಾರವನ್ನು ಕಂಬಗಳೇ ಹೊರಲಿ, ಗೋಡೆ ಬಿದ್ದರೂ ಮಾಳಿಗೆ ನಿಲ್ಲುತ್ತದೆ ಎಂದಿದ್ದೆ. ಹದಿನೈದು ವರ್ಷ ನನ್ನ ಜೊತೆ ಕೆಲಸ ಮಾಡಿದ ನೀನು ಸಾವಕಾರರ ಎದುರಿಗೇ ನಕ್ಕೆ.

"ಈ ಬಡಿಗ್ಯಾಗ ಕಟ್ಟಿಗಿ ಬಿಟ್ರ ಬ್ಯಾರೆ ಏನೂ ಕಾಣೂದಿಲ್ರಿ. ಗ್ವಾಡಿ ಮ್ಯಾಲ ಕಲ್ಲ ಹಾಸತೀನಿ, ನೂರು ವರ್ಷ ಅಳ್ಳಾಡೂದಿಲ್ಲ."

ಕೆಲಸ ನಿನಗೆ ಸಿಕ್ಕಿತು. ಅಂದೇ ನಿನ್ನೊಡನೆ ಮಾತು ಬಿಟ್ಟೆ. ನಿನ್ನ ಮಣ್ಣಿಗೂ ಬರಲಿಲ್ಲ.

ನಿನ್ನೆ ಸಾವಕಾರರ ಮನೆಗೆ ಓಡಿದೆ. "ಇದು ಈಶಪ್ಪ ಗೌಂಡಿ ಕೆಲಸ, ನೋಡ್ರಿ!" ಎಂದು ಕೂಡಿದ ಜನರೆದುರು ಮನದಣಿಯೆ ಕೂಗಿದೆ.

ಆಗ ಸಾವಕಾರರ ಸೊಸೆ ಬಾಳವ್ವ ಕೂಸನ್ನೆತ್ತಿಕೊಂಡು ಒಳಗಿನಿಂದ ಬಂದಳು. ಇಡೀ ಮನೆಯಲ್ಲಿ ಬಾಣಂತಿ ಕೋಣೆಯೊಂದೇ ನಿಂತಿತ್ತು. ಒಳಗೆ ಹೋಗಿ ನೋಡಿದೆ. ಗೋಡೆಯ ಮಣ್ಣು ಉದುರಿದ ಕಡೆ ನಾಲ್ಕು ಬೇವಿನ ಕಂಬಗಳು ಕಂಡವು, ನಾನು ಹೇಳಿದ ಹಾಗೆಯೇ ನಿಲ್ಲಿಸಿದವು. ನೀನು ಯಾರಿಗೂ ಹೇಳದೆ ಅವನ್ನು ಮುಚ್ಚಿಬಿಟ್ಟಿದ್ದೆ.

ಬಿದ್ದ ಮಣ್ಣನ್ನೇ ಕೋಣೆಯ ಕೊಡದಲ್ಲಿದ್ದ ನೀರಿನಲ್ಲಿ ಕಲೆಸಿ, ಯಾರಿಗೂ ಕಾಣದ ಹಾಗೆ ನಾಲ್ಕೂ ಕಂಬಗಳಿಗೆ ಮತ್ತೆ ಮೆತ್ತಿದೆ.

ಹೊರಗೆ ಬಂದಾಗ ಸಾವಕಾರರು ಕೇಳಿದರು: "ಈ ಖೋಲಿ ಅಷ್ಟ ಹ್ಯಾಂಗ ಉಳೀತೋ?"

"ದೇವರ ದಯಾರಿ" ಎಂದೆ.

ಆಗ ಮಾತ್ರ ನಿನ್ನ ಹೆಸರು ಹೇಳಲಿಲ್ಲ.