ಗಾಳಿ ಹಿಡಿಯಬಾರದ ಹಾಯಿ

ಅಕ್ಕಾ,

ತಲುಪಿದೆ, ಅಷ್ಟೇ ಒಳ್ಳೆಯ ಸುದ್ದಿ. ನನ್ನನ್ನು ಹಾಯಿ ಹೊಲಿಯಲು ಕರೆಸಿದ ಹಡಗು ಅಪ್ಪನ ಮೆಚ್ಚಿನ ಜಾತಿಯದೇ: ಎರಡು ಕಂಬ, ಓರೆಯಾಗಿ ಕಟ್ಟುವ ಮೂರು ಮೂಲೆಯ ಹಾಯಿ. ನಾನು ಚೌಕದ ಹಾಯಿಯನ್ನು ಹೊಗಳಿದಾಗಲೆಲ್ಲ "ನಿಂದು ಗಾಳಿ ಹೇಳಿದ ಕಡೆ ಹೋಗುತ್ತೆ, ನಂದು ಗಾಳಿ ಜೊತೆ ಜಗಳಕ್ಕೆ ನಿಲ್ಲುತ್ತೆ" ಅನ್ನುತ್ತಿದ್ದನಲ್ಲ, ಅದೇ. ಇಲ್ಲಿ ಅದನ್ನು ಹೋಟೆಲಿನ ಮುಂದೆ ಸಿಮೆಂಟಿನಲ್ಲಿ ಹೂತು ನಿಲ್ಲಿಸಿದ್ದಾರೆ. ಹಾಯಿ ಉಬ್ಬಿ ಎಳೆದರೆ ಸಿಮೆಂಟು ಬಿರುಕು ಬಿಡುತ್ತದಂತೆ. "ಗಾಳಿ ನಿಲ್ಲದ ಹಾಗೆ ಅಲ್ಲಲ್ಲಿ ತೂತು ಮಾಡಿಬಿಡಿ" ಎಂದರು ಮ್ಯಾನೇಜರು. ಅಪ್ಪನ ಕತ್ತರಿಯಿಂದಲೇ ಮಾಡಿದೆ. ಬೆರಳು ಊದಿದೆ, ಊಟ ಸೇರುತ್ತಿಲ್ಲ. ಓದಿ ಈ ಕಾರ್ಡು ಹರಿದುಹಾಕು. ಅಪ್ಪ ಮಲಗಿದಲ್ಲಿಂದಲೇ ಕೇಳಿದರೆ, ಹಡಗು ಎದುರುಗಾಳಿಯಲ್ಲೇ ಹೊರಟಿತಂತೆ, ವಾದದಲ್ಲಿ ನೀನೇ ಗೆದ್ದೆಯಂತೆ ಅನ್ನು.

ನಿನ್ನ ತಮ್ಮ